ಆದೋನಿ ಯಾವ ನಕ್ಷೆಯಲ್ಲಿದೆ? ಗಂಡಸಿನ ಬೀಜ ಮತ್ತು ವರ್ಣತಂತುಗಳ ಚರಿತ್ರೆ



ಕೌತಾಳಂ ಇರಲಿ, ಹೊಳಗುಂದಿ ಇರಲಿ, ಆಲೂರಿನ ಸಂತೆಯಿರಲಿ, ಮದುವೆಯಾಗಿ ಎರಡು ವರ್ಷ ಕಳೆದ ಹೆಣ್ಣುಮಗಳು ಎದುರಿಗೆ ಸಿಕ್ಕರೆ ನಮ್ಮ ಮಂದಿ ಕೇಳುವ ಮಾತು ಒಂದೇ. ಕನ್ನಡದವರಾದರೆ "ಏನವ್ವಾ, ಇನ್ನೂ ಏನೂ ವಿಶೇಷ ಇಲ್ಲೇನು?" ಎನ್ನುತ್ತಾರೆ. ತೆಲುಗಿನವರಾದರೆ "ಏಮ್ಮಾ, ಏಮೈನಾ ವಿಶೇಷಮಾ?" ಎನ್ನುತ್ತಾರೆ. ಆಕೆಯ ಗಂಡ ಪಕ್ಕದಲ್ಲೇ ನಿಂತಿದ್ದರೂ ಅವನನ್ನು ಯಾರೂ ಕೇಳುವುದಿಲ್ಲ. ಇನ್ನೆರಡು ವರ್ಷ ಹೀಗೇ ಕಳೆದರೆ ಆಕೆಗೊಂದು ಹೆಸರು ಬೀಳುತ್ತದೆ. ಕನ್ನಡದಲ್ಲಿ ಬಂಜೆ, ತೆಲುಗಿನಲ್ಲಿ ಗೊಡ್ರಾಲು. ಎರಡು ಭಾಷೆ ಆಡುವ ನಮಗೆ ಎರಡರಲ್ಲೂ ಹೆಂಗಸಿಗೆ ಹೆಸರು ಸಿದ್ಧವಾಗಿದೆ. ಬೀಜವಿಲ್ಲದ ಗಂಡಸಿಗೆ ಮಾತ್ರ ನಿತ್ಯದ ಮಾತಿನಲ್ಲಿ ಹೆಸರೇ ಇಲ್ಲ. ಇರುವುದೆಲ್ಲ ಬೈಗುಳ. ಆ ಬೈಗುಳವೂ ಬೇರೆಯದೇ ಅರ್ಥದ್ದು: ಹೆಂಡತಿಯೊಡನೆ ಕೂಡಲಾರದವನು ಎಂದು. ಕೂಡಬಲ್ಲ, ಗಟ್ಟಿಮುಟ್ಟಾಗಿರುವ, ದಿನಕ್ಕೆ ಎರಡು ಎಕರೆ ಗುಂಟೆ ಹೊಡೆಯಬಲ್ಲ ಗಂಡಸಿನಲ್ಲೂ ಬೀಜ ಇಲ್ಲದಿರಬಹುದು ಎಂಬ ಸಂಗತಿಗೆ ನಮ್ಮ ಭಾಷೆಗಳು ಜಾಗವನ್ನೇ ಮಾಡಿಕೊಟ್ಟಿಲ್ಲ.

ವೈದ್ಯರ ಲೆಕ್ಕ ಬೇರೆ. ಮಕ್ಕಳಾಗದ ದಂಪತಿಗಳನ್ನು ಒಟ್ಟಿಗೆ ನೋಡಿದರೆ, ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣ ಒಂಟಿಯಾಗಿಯೋ ಹೆಂಗಸಿನ ಕಾರಣದ ಜೊತೆಗೂಡಿಯೋ ಇರುತ್ತದೆ. ಅಂಥ ಕಾರಣಗಳು ಹತ್ತಾರು. ಹರೆಯದಲ್ಲಿ ಬಂದ ಗದ್ದಕಟ್ಟು ವೃಷಣಕ್ಕೆ ಇಳಿದಿರಬಹುದು. ವೃಷಣದ ರಕ್ತನಾಳಗಳು ಉಬ್ಬಿರಬಹುದು, ವೀರ್ಯನಾಳ ಕಟ್ಟಿರಬಹುದು, ರಸದೂತಗಳ ಕೊರತೆ ಇರಬಹುದು. ಆ ಪಟ್ಟಿಯಲ್ಲಿ ಹೊರಗಿನಿಂದ ಎಳ್ಳಷ್ಟೂ ಕಾಣದ ಒಂದು ಕಾರಣವಿದೆ. ಅದು ವರ್ಣತಂತುಗಳ ತುಂಡುಗಳು ತಮ್ಮ ಜಾಗ ಬಿಟ್ಟು ಬೇರೆ ಕಡೆ ಸೇರಿಕೊಳ್ಳುವುದು. ಈ ಹೊತ್ತು ಅದರ ಚರಿತ್ರೆಯನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬೀಜದ ಮಾತು. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ವೀರ್ಯದ ಹನಿಯೊಳಗೆ ಬಾಲವಿರುವ ಸಣ್ಣ ಜೀವಿಗಳು ಓಡಾಡುವುದನ್ನು ಕಂಡ. ಅವೇ ವೀರ್ಯಾಣುಗಳು. ವೀರ್ಯ ಬೇರೆ, ವೀರ್ಯಾಣು ಬೇರೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಇಬ್ಬರಲ್ಲಿ ಒಬ್ಬರು ಇಲ್ಲೇ ಎಡವುತ್ತಾರೆ. ವೀರ್ಯದ ನೀರಿನ ಹೆಚ್ಚು ಪಾಲು ಬೇರೆ ಗ್ರಂಥಿಗಳಿಂದ ಬರುತ್ತದೆ. ಆ ನೀರು ಸಾಕಷ್ಟಿದ್ದು ಅದರಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಕಾಲುವೆ ತುಂಬ ತುಂಗಭದ್ರೆಯ ನೀರಿದ್ದರೂ ಮೀನಿಲ್ಲದಿರುವ ಹಾಗೆ. ಕಣ್ಣಿನಿಂದ ನೋಡಿ ಹೇಳಲಾಗದು, ಸೂಕ್ಷ್ಮದರ್ಶಕವೇ ಹೇಳಬೇಕು.

ಈ ವೀರ್ಯಾಣು ಒಂದು ದಿನದ ಸರಕಲ್ಲ. 1963ರಲ್ಲಿ ಹೆಲ್ಲರ್ ಮತ್ತು ಕ್ಲೆರ್ಮಾಂಟ್ ಎಂಬಿಬ್ಬರು ಲೆಕ್ಕ ಹಾಕಿದ ಪ್ರಕಾರ, ಮೂಲಕೋಶ ಹೊರಟು ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ನಮ್ಮ ಕೆಲವು ಬೆಳೆಗಳಿಗೆ ಬಿತ್ತಿದ ಮೇಲೆ ಕೊಯ್ಲಿಗೆ ಬೇಕಾಗುವಷ್ಟೇ ಕಾಲ. ಈ ಎರಡೂವರೆ ತಿಂಗಳ ನಡುವೆ ಒಂದು ಇಕ್ಕಟ್ಟಿನ ಹಾದಿ ಇದೆ. ಮೈಯ ಪ್ರತಿ ಜೀವಕೋಶದಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ, ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ವೀರ್ಯಾಣುವಿಗೆ ಪ್ರತಿ ಜೋಡಿಯಿಂದ ಒಂದೊಂದೇ ಹೋಗಬೇಕು. ಹಾಗೆ ಅರ್ಧ ಮಾಡುವ ಮೊದಲು ಜೋಡಿಗಳೆರಡೂ ಮೈಗೆ ಮೈ ತಾಗಿಸಿ, ತಲೆಯಿಂದ ಬಾಲದವರೆಗೆ ಸಾಲುಗೂಡಿ ನಿಲ್ಲಬೇಕು. ಒಂದು ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ನಮ್ಮ ಕತೆಯ ಗಂಟು ಇರುವುದೇ ಈ ನೊಗದಲ್ಲಿ.

ವರ್ಣತಂತು ಎಂಬ ಹೆಸರು ಬಂದದ್ದು 1888ರಲ್ಲಿ. ಬಣ್ಣ ಹಾಕಿದರೆ ಗಾಢವಾಗಿ ಹಿಡಿಯುತ್ತದೆಂದು ಜರ್ಮನಿಯ ವಾಲ್ಡೆಯರ್ ಇಟ್ಟ ಹೆಸರು. ಮನುಷ್ಯನಲ್ಲಿ ಅವು ಎಷ್ಟಿವೆ ಎಂದು ಎಣಿಸಿದ ಕತೆ ಅಷ್ಟು ಹೆಮ್ಮೆಯದಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಪೇಂಟರ್ ಎಂಬ ವಿಜ್ಞಾನಿಗೆ ಎಣಿಸಲು ವೃಷಣದ ತುಣುಕು ಬೇಕಿತ್ತು. ಅದು ಸಿಕ್ಕಿದ್ದು ಹುಚ್ಚಾಸ್ಪತ್ರೆಯಲ್ಲಿ ವೃಷಣ ತೆಗೆಸಲಾದ ಮೂವರು ನಿವಾಸಿಗಳಿಂದ. 46 ಇರಬಹುದೇ, 48 ಇರಬಹುದೇ ಎಂದು ಕೆಲಕಾಲ ತೂಗಾಡಿ, 1923ರಲ್ಲಿ ಆತ 48 ಎಂದು ತೀರ್ಮಾನಿಸಿದ. ಮುಂದೆ 30 ವರ್ಷಕ್ಕೂ ಮೇಲ್ಪಟ್ಟು ಜಗತ್ತಿನ ಪುಸ್ತಕಗಳಲ್ಲೆಲ್ಲ 48 ಎಂದೇ ಅಚ್ಚಾಯಿತು. 1955ರ ಡಿಸೆಂಬರಿನಲ್ಲಿ, ಸ್ವೀಡನ್ನಿನ ಲುಂಡ್ ಊರಿನಲ್ಲಿ, ಜಾವಾ ದ್ವೀಪದಲ್ಲಿ ಹುಟ್ಟಿದ ಜೋ ಹಿನ್ ಟಿಯೊ ಎಂಬಾತ ಎಷ್ಟು ಸಲ ಎಣಿಸಿದರೂ 46 ಬಂತು. 1956ರಲ್ಲಿ ಟಿಯೊ ಮತ್ತು ಲೆವಾನ್ ಅದನ್ನು ಪ್ರಕಟಿಸಿದರು. ಭಾಷಾವಾರು ಪ್ರಾಂತಗಳು ಹುಟ್ಟಿದ ವರ್ಷವೇ ಮನುಷ್ಯನ ವರ್ಣತಂತುಗಳ ಸರಿಯಾದ ಲೆಕ್ಕವೂ ಲೋಕಕ್ಕೆ ತಿಳಿಯಿತು.

ಪ್ರಾಂತದ ಮಾತು ಬಂದದ್ದರಿಂದ, ಮುಂದಿನದನ್ನು ನಮ್ಮ ಊರಿನ ಚರಿತ್ರೆಯಿಂದಲೇ ಹೇಳುತ್ತೇನೆ. ನಿಮ್ಮಲ್ಲಿ ಹಿರಿಯರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. 1953ರ ಅಕ್ಟೋಬರ್ 1ರವರೆಗೆ ಆದೋನಿ ಮತ್ತು ಆಲೂರು ತಾಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ದಿನ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೆ ಬಂದವು. ನೆಲ ಒಂದು ಗೇಣೂ ಕರಗಲಿಲ್ಲ. ಹೊಲ, ಬಾವಿ, ಹತ್ತಿ ಮಂಡಿ, ಗುಡಿ, ದರ್ಗಾ ಎಲ್ಲ ಇದ್ದಲ್ಲೇ ಇದ್ದವು. ಬದಲಾದದ್ದು ಯಾವ ಜಿಲ್ಲೆಯ ನಕ್ಷೆಯಲ್ಲಿ ಅಂಟಿಕೊಂಡಿದೆ ಎಂಬುದಷ್ಟೇ.

ಈಗ ನಿಮ್ಮ ಮನೆಯಲ್ಲಿ ನಾಲ್ಕು ನಕ್ಷೆಗಳಿವೆ ಎಂದುಕೊಳ್ಳಿ. ಹಳೆಯ ಬಳ್ಳಾರಿ, ಹಳೆಯ ಕರ್ನೂಲು: ಇವು 1953ಕ್ಕೆ ಮುಂಚಿನವು, ಅಜ್ಜಿಯ ಪೆಟ್ಟಿಗೆಯವು. ಹೊಸ ಬಳ್ಳಾರಿ, ಹೊಸ ಕರ್ನೂಲು: ಇವು ಆಮೇಲಿನವು. ನಾಲ್ಕೂ ಒಟ್ಟಿಗಿರುವವರೆಗೆ ಯಾವ ತೊಂದರೆಯೂ ಇಲ್ಲ. ಆದೋನಿ ಎರಡು ಸಲ ಇದೆ, ಬಳ್ಳಾರಿ ಎರಡು ಸಲ ಇದೆ, ಲೆಕ್ಕ ಸರಿ. ಈಗ ಮಗನಿಗೆ ಒಂದು ಬಳ್ಳಾರಿ, ಒಂದು ಕರ್ನೂಲು ಕೊಟ್ಟು ಕಳಿಸಬೇಕಾಗಿದೆ. ಹಳೆಯವೆರಡನ್ನು ಕೊಟ್ಟಿರೋ, ಸರಿ. ಹೊಸವೆರಡನ್ನು ಕೊಟ್ಟಿರೋ, ಅದೂ ಸರಿ. ಹಳೆಯ ಬಳ್ಳಾರಿಯನ್ನೂ ಹೊಸ ಕರ್ನೂಲನ್ನೂ ಕೊಟ್ಟರೆ ಅವನ ಕೈಯಲ್ಲಿ ಆದೋನಿ ಎರಡೆರಡು ಸಲ ಬರುತ್ತದೆ. ಹೊಸ ಬಳ್ಳಾರಿಯನ್ನೂ ಹಳೆಯ ಕರ್ನೂಲನ್ನೂ ಕೊಟ್ಟರೆ ಆದೋನಿ ಎಲ್ಲಿಯೂ ಇಲ್ಲ, ಊರೇ ಮಾಯ!

ವರ್ಣತಂತುಗಳ ಸ್ಥಾನಾಂತರ ಎಂದರೆ ಇದೇ. ಒಂದು ವರ್ಣತಂತುವಿನ ತುಂಡು ಮುರಿದು ಇನ್ನೊಂದಕ್ಕೆ ಅಂಟುತ್ತದೆ, ಸಾಮಾನ್ಯವಾಗಿ ಅದರ ತುಂಡು ಇದಕ್ಕೆ ಬರುತ್ತದೆ. ಒಟ್ಟು ಸಾಮಾನಿನಲ್ಲಿ ಕೊರತೆಯಿಲ್ಲದ್ದರಿಂದ ಆ ಮನುಷ್ಯ ಪೂರ್ತಿ ಆರೋಗ್ಯವಂತ. ಅವನ ದೇಹ, ಬುದ್ಧಿ, ಗಂಡಸುತನ ಯಾವುದಕ್ಕೂ ಊನವಿಲ್ಲ. ಹೀಗೆ ತುಂಡು ಅದಲುಬದಲಾದವರು ಸುಮಾರು ಐನೂರು ಮಂದಿಗೆ ಒಬ್ಬರು ಸಿಗುತ್ತಾರೆ. ಐವತ್ತು ಸಾವಿರ ಜನವಿರುವ ಮಂಡಲವೊಂದರಲ್ಲಿ ನೂರರ ಹತ್ತಿರ ಇರಬಹುದೆಂದಾಯಿತು. ಇನ್ನೊಂದು ಬಗೆಯಲ್ಲಿ ಎರಡು ಗಿಡ್ಡ ತುದಿಯ ವರ್ಣತಂತುಗಳು ಬುಡಕ್ಕೆ ಬುಡ ಬೆಸೆದು ಒಂದೇ ಆಗುತ್ತವೆ. ಇದನ್ನು 1916ರಲ್ಲಿ ಮಿಡತೆಗಳಲ್ಲಿ ವಿವರಿಸಿದವನು ಅಮೆರಿಕದ ಕಾನ್ಸಾಸಿನ ರಾಬರ್ಟ್‌ಸನ್. ಮನುಷ್ಯರಲ್ಲಿ ಇಂಥವರು ಸಾವಿರಕ್ಕೆ ಒಬ್ಬರು. ಎಣಿಸಿದರೆ 46ರ ಬದಲು 45 ಬರುತ್ತದೆ, ಆದರೂ ಆಸಾಮಿ ಚೆನ್ನಾಗಿಯೇ ಇರುತ್ತಾನೆ.

ಹಾಗಾದರೆ ವೀರ್ಯಾಣುವೇ ಹುಟ್ಟದಿರುವುದು ಏಕೆ? ಮತ್ತೆ ನೊಗಕ್ಕೆ ಬನ್ನಿ. ಜೋಡಿಗಳು ಸಾಲುಗೂಡುವಾಗ ಹೊಸ ಕರ್ನೂಲಿಗೆ ಅಂಟಿದ ಆದೋನಿಯ ತುಂಡು ತನ್ನ ಜೊತೆಗಾರನನ್ನು ಹುಡುಕುತ್ತದೆ. ಆ ಜೊತೆಗಾರ ಇರುವುದು ಹಳೆಯ ಬಳ್ಳಾರಿಯಲ್ಲಿ. ಹೀಗಾಗಿ ಎರಡೆರಡಾಗಿ ನಿಲ್ಲಬೇಕಾದವು ನಾಲ್ಕೂ ಒಂದೇ ಕಡೆ ಸಿಕ್ಕಿಕೊಂಡು ಶಿಲುಬೆಯ ಆಕಾರದಲ್ಲಿ ಹೆಣೆದುಕೊಳ್ಳುತ್ತವೆ. ಮುರಿದ ಜಾಗದ ಆಚೀಚೆ ಕೆಲವು ಭಾಗಗಳಿಗೆ ಜೊತೆಯೇ ಸಿಗುವುದಿಲ್ಲ. ವೃಷಣದ ಕೋಶಕ್ಕೆ ಇದನ್ನು ತಪಾಸಣೆ ಮಾಡುವ ವ್ಯವಸ್ಥೆಯಿದೆ. ಜೊತೆಗೂಡದ ಭಾಗ ಕಂಡರೆ ಅದಕ್ಕೆ ಬೀಗ ಹಾಕುತ್ತದೆ, ಬಹಳ ಕಂಡರೆ ಕೋಶವನ್ನೇ ಅಲ್ಲಿಗೆ ಮುಗಿಸುತ್ತದೆ.

ಗಂಡಿನಲ್ಲಿ ಇನ್ನೊಂದು ತೊಡಕು ಉಂಟು. ಎಕ್ಸ್ ಮತ್ತು ವೈ ವರ್ಣತಂತುಗಳು ಒಂದಕ್ಕೊಂದು ಹೋಲುವುದಿಲ್ಲ, ತುದಿಯಲ್ಲಿ ಮಾತ್ರ ಕೈಹಿಡಿದುಕೊಳ್ಳುತ್ತವೆ. ಆದುದರಿಂದ ವೀರ್ಯಾಣು ತಯಾರಾಗುವ ಹೊತ್ತಿನಲ್ಲಿ ಅವೆರಡನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯಲಾಗುತ್ತದೆ. ಅದು ಸಹಜ. ಆದರೆ ಬೇರೆ ವರ್ಣತಂತುವಿನ ತುಂಡು ಎಕ್ಸ್‌ಗೆ ಅಂಟಿದ್ದರೆ ಅದೂ ಆ ಕೋಣೆಯೊಳಗೆ ಸಿಕ್ಕಿಬೀಳುತ್ತದೆ, ಇಲ್ಲವೇ ಕೋಣೆಯ ಬೀಗವೇ ಸರಿಯಾಗಿ ಬೀಳುವುದಿಲ್ಲ. ಕೆಲಸ ನಿಲ್ಲುತ್ತದೆ. 1972ರಲ್ಲಿ ಲಿಫ್‌ಶಿಟ್ಜ್ ಮತ್ತು ಲಿಂಡ್ಸ್ಲೆ ಎಂಬ ವಿಜ್ಞಾನಿಗಳು ಈ ವಿವರಣೆ ಕೊಟ್ಟರು. ಹಣ್ಣುನೊಣ, ಇಲಿ, ಮನುಷ್ಯ ಮೂರರಲ್ಲೂ ಎಕ್ಸ್‌ಗೆ ಬೇರೆ ತುಂಡು ಅಂಟಿದ ಗಂಡು ಸಾಮಾನ್ಯವಾಗಿ ಬೀಜಹೀನ. ಅದೇ ಬದಲಾವಣೆ ಇರುವ ಹೆಣ್ಣು ಹಲವು ಸಲ ಮಕ್ಕಳನ್ನು ಹೆರಬಲ್ಲಳು. ಹೆಣ್ಣಿನ ಅಂಡದಲ್ಲಿ ತಪಾಸಣೆ ಅಷ್ಟು ಬಿಗಿಯಲ್ಲ. ಬಿಗಿಯಲ್ಲದ್ದರಿಂದ ಆಕೆಗೆ ಬರುವ ಕಷ್ಟ ಬೇರೆ ಬಗೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ದನಕರುಗಳ ನಡುವೆ ಬಾಳುವ ನಿಮಗೆ ಪ್ರಾಣಿಗಳ ಉದಾಹರಣೆ ಹೇಳಿದರೆ ಬೇಗ ಹಿಡಿಯುತ್ತದೆ. ಹೇಸರಗತ್ತೆಯನ್ನೇ ತೆಗೆದುಕೊಳ್ಳಿ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಇವೆರಡರ ಮರಿಯಾದ ಹೇಸರಗತ್ತೆಗೆ 63. ಭಾರ ಹೊರುವುದರಲ್ಲಿ ಅದು ಅಪ್ಪ ಅಮ್ಮ ಇಬ್ಬರನ್ನೂ ಮೀರಿಸುತ್ತದೆ. ಗಂಡು ಹೇಸರಗತ್ತೆಗೆ ಹೆಣ್ಣಿನ ಮೇಲೆ ಆಸೆಯೂ ಇದೆ, ಶಕ್ತಿಯೂ ಇದೆ, ವೀರ್ಯಾಣು ಮಾತ್ರ ಇಲ್ಲ. 1916ರಲ್ಲೇ ವೊಡ್ಸೆಡಾಲೆಕ್ ಎಂಬಾತ ಅದರ ವೃಷಣವನ್ನು ಸೀಳಿ ನೋಡಿ, ಜೋಡಿಗೂಡುವ ಹಂತದಲ್ಲೇ ಕೋಶಗಳು ಸಾಯುತ್ತವೆಂದು ಬರೆದ. ಗಂಡಸುತನಕ್ಕೂ ಬೀಜಕ್ಕೂ ಸಂಬಂಧ ಕಟ್ಟುವವರು ಒಮ್ಮೆ ಈ ಪ್ರಾಣಿಯ ಮುಂದೆ ನಿಂತು ಯೋಚಿಸಲಿ.

ಎಮ್ಮೆಯಲ್ಲಿಯೂ ಎರಡು ಜಾತಿ. ನಾವು ಹಾಲು ಕರೆಯುವುದು ನದಿ ಎಮ್ಮೆ, ಅದಕ್ಕೆ 50 ವರ್ಣತಂತು. ಅಸ್ಸಾಮಿನ ಕಡೆಯಿಂದ ಪೂರ್ವದೇಶಗಳವರೆಗೆ ಕೆಸರುಗದ್ದೆ ಉಳುವುದು ಜವುಗು ಎಮ್ಮೆ, ಅದಕ್ಕೆ 48. ಒಂದು ಕಾಲದಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಒಂದಾದದ್ದರಿಂದ ಬಂದ ವ್ಯತ್ಯಾಸ ಅದು. ಎರಡನ್ನೂ ಕೂಡಿಸಿದರೆ 49 ಇರುವ ಕರು ಹುಟ್ಟುತ್ತದೆ. ಆ ಕೋಣಗಳಲ್ಲಿ ವೀರ್ಯಾಣು ತಯಾರಿಕೆ ಕುಂಠಿತವಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಹೇಸರಗತ್ತೆಯ ಹಾಗೆ ಪೂರ್ತಿ ನಿಂತುಹೋಗುವುದಿಲ್ಲ, ಇಳುವರಿ ಕಡಿಮೆ ಅಷ್ಟೆ.

ಹೋರಿಗಳ ಕತೆ ಇನ್ನೂ ಹತ್ತಿರದ್ದು. 1964ರಲ್ಲಿ ಸ್ವೀಡನ್ನಿನ ಗುಸ್ತಾವ್ಸನ್ ಮತ್ತು ಅವರ ಜೊತೆಗಾರರು ಅಲ್ಲಿನ ಕೆಂಪು-ಬಿಳಿ ದನಗಳಲ್ಲಿ ಒಂದನೆಯ ಮತ್ತು ಇಪ್ಪತ್ತೊಂಬತ್ತನೆಯ ವರ್ಣತಂತುಗಳು ಬೆಸೆದುಕೊಂಡಿರುವುದನ್ನು ಕಂಡರು. ನೋಡಲು ಏನೂ ಕೊರತೆಯಿಲ್ಲದ ಹೋರಿಗಳು. ಆದರೆ ಈ ಬೆಸುಗೆ ಇದ್ದ ದನಗಳಲ್ಲಿ ಗಬ್ಬ ನಿಲ್ಲುವ ಪ್ರಮಾಣ ಕಡಿಮೆ. ಒಂದು ಹೋರಿಯ ವೀರ್ಯ ಸಾವಿರಾರು ಆಕಳುಗಳಿಗೆ ಹೋಗುವ ಕಾಲದಲ್ಲಿ ಇದು ದೊಡ್ಡ ನಷ್ಟ. ಅಂದಿನಿಂದ ಹೋರಿಗಳ ವರ್ಣತಂತು ಪರೀಕ್ಷೆ ರೂಢಿಗೆ ಬಂತು. ಈಗ ನಮ್ಮ ದೇಶದ ವೀರ್ಯ ಸಂಗ್ರಹ ಕೇಂದ್ರಗಳ ನಿಯಮದಲ್ಲೂ ಅದು ಇದೆ. ಜರ್ಸಿ ಕಡ್ಡಿ ಹಾಕಿಸುವ ಮೊದಲು ಹೋರಿಯ ವರ್ಣತಂತು ನೋಡಿರುತ್ತಾರೆ, ಮನೆಯ ಗಂಡುಮಗನದನ್ನು ನೋಡಿಸಿ ಎಂದರೆ ಮಾತ್ರ ಮರ್ಯಾದೆ ಹೋಗುತ್ತದೆ ಎನ್ನುತ್ತೇವೆ!

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಅದು ಕನ್ನಡನಾಡಿನ ಪ್ರಯೋಗಶಾಲೆಯಿಂದಲೇ ಬಂದದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣುನೊಣಗಳ ಮೇಲಿನ ಸಂಶೋಧನೆಗೆ ದೊಡ್ಡ ಹೆಸರಿದೆ. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅಂಥ ಸಣ್ಣ ನೊಣಗಳು. ಅವುಗಳಲ್ಲಿ ನಸೂಟ ಎಂಬ ನಮ್ಮ ದೇಶದ ನೊಣಕ್ಕೆ ನಾಲ್ಕು ಜೋಡಿ ವರ್ಣತಂತು. ಅದರ ಹತ್ತಿರದ ಬಂಧು, ಥಾಯ್ಲೆಂಡ್ ಕಡೆಯ ಅಲ್ಬೊಮಿಕನ್ಸ್ ನೊಣಕ್ಕೆ ಮೂರೇ ಜೋಡಿ, ಏಕೆಂದರೆ ಅಲ್ಲಿ ಲಿಂಗ ವರ್ಣತಂತುಗಳು ಇನ್ನೊಂದು ಜೋಡಿಯೊಡನೆ ಬೆಸೆದುಹೋಗಿವೆ. ಮೇಲೆ ಹೇಳಿದ್ದನ್ನು ಕೇಳಿದವರು ಇವೆರಡರ ಸಂತಾನ ಬೀಜಹೀನವಾಗಿರಬೇಕು ಎನ್ನುತ್ತೀರಿ. ಇಲ್ಲ! ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು 1980ರ ದಶಕದಲ್ಲಿ ಇವನ್ನು ಕೂಡಿಸಿ ತಲೆಮಾರುಗಟ್ಟಲೆ ಸಾಕಿದರು. ಮರಿಗಳು ಮರಿ ಹಾಕಿದವು. ಇಬ್ಬರ ವರ್ಣತಂತುಗಳೂ ಬೆರೆತ ಹೊಸ ಹೊಸ ತಳಿಗಳೇ ಸೀಸೆಯೊಳಗೆ ಎದ್ದು ನಿಂತವು. ವರ್ಣತಂತು ಬದಲಾದ ಮಾತ್ರಕ್ಕೆ ಬಂಜೆತನ ಖಚಿತವಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ. ಯಾವ ತುಂಡು, ಎಲ್ಲಿ ಮುರಿದಿದೆ, ಎಲ್ಲಿ ಸೇರಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮನುಷ್ಯರಲ್ಲೂ ಹಾಗೆಯೇ: ಒಂದೇ ಬಗೆಯ ಬೆಸುಗೆ ಇರುವ ಇಬ್ಬರಲ್ಲಿ ಒಬ್ಬನಿಗೆ ನಾಲ್ಕು ಮಕ್ಕಳು, ಇನ್ನೊಬ್ಬನಿಗೆ ವೀರ್ಯಾಣುವೇ ಇಲ್ಲ.

ಮನುಷ್ಯರನ್ನು ಪರೀಕ್ಷಿಸುವುದು ಸುಲಭವಾದದ್ದು 1960ರಲ್ಲಿ. ರಾಜ್ಮಾ ಕಾಳಿನಿಂದ ತೆಗೆದ ಸತ್ವ ಹಾಕಿದರೆ ರಕ್ತದ ಬಿಳಿಕಣಗಳು ಸೀಸೆಯಲ್ಲಿ ಒಡೆದು ಬೆಳೆಯತೊಡಗುತ್ತವೆಂದು ಅಮೆರಿಕದ ನೊವೆಲ್ ಕಂಡರು. ಅಂದಿನಿಂದ ವೃಷಣ ಕೊಯ್ಯಬೇಕಿಲ್ಲ, ಮೂಳೆ ಚುಚ್ಚಬೇಕಿಲ್ಲ, ತೋಳಿನಿಂದ ಒಂದಿಷ್ಟು ರಕ್ತ ಸಾಕು. 1970ರ ಹೊತ್ತಿಗೆ ಸ್ಟಾಕ್‌ಹೋಮಿನ ಕಾಸ್ಪೆರ್ಸನ್ ಮಲೇರಿಯಾ ಔಷಧಿಯ ಹತ್ತಿರದ ಬಣ್ಣವೊಂದನ್ನು ಹಾಕಿ ವರ್ಣತಂತುಗಳ ಮೇಲೆ ಪಟ್ಟೆಗಳನ್ನು ಮೂಡಿಸಿದರು. ಸೀರೆಯ ಅಂಚು ನೋಡಿ ಯಾವ ಸೀರೆ ಎಂದು ಗುರುತು ಹಿಡಿದ ಹಾಗೆ, ಪಟ್ಟೆ ನೋಡಿ ಯಾವ ತುಂಡು ಎಲ್ಲಿಗೆ ಹೋಗಿದೆ ಎಂದು ಹೇಳುವುದು ಆಗ ಸಾಧ್ಯವಾಯಿತು.

ಮಕ್ಕಳಿಲ್ಲದ ಗಂಡಸರನ್ನೇ ಸಾಲಾಗಿ ಪರೀಕ್ಷಿಸಿದವರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಆನ್ ಚಾಂಡ್ಲೆ ಮುಖ್ಯರು. 1975ರಲ್ಲಿ ಅವರ ತಂಡ ಸುಮಾರು 1,600 ಗಂಡಸರ ಲೆಕ್ಕ ಕೊಟ್ಟಿತು. ನೂರಕ್ಕೆ ಎರಡರಷ್ಟು ಮಂದಿಯಲ್ಲಿ ವರ್ಣತಂತು ದೋಷವಿತ್ತು. ವೀರ್ಯಾಣು ತೀರ ಕಡಿಮೆ ಇರುವವರನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ ನೂರಕ್ಕೆ ಐದರ ಸುಮಾರಿಗೆ ಏರುತ್ತದೆ. ಒಂದೂ ವೀರ್ಯಾಣು ಇಲ್ಲದವರಲ್ಲಿ ಹದಿನೈದರ ಹತ್ತಿರ ಬರುತ್ತದೆ, ಆ ಹದಿನೈದರಲ್ಲಿ ಹೆಚ್ಚಿನವರು ಒಂದು ಎಕ್ಸ್ ಹೆಚ್ಚಿಗೆ ಪಡೆದು ಹುಟ್ಟಿದವರು. ಅದು ತುಂಡು ಸರಿದ ಕತೆಯಲ್ಲ, ಎಣಿಕೆ ಹೆಚ್ಚಾದ ಕತೆ, ಇನ್ನೊಂದು ದಿನಕ್ಕಿರಲಿ.

ಒಂದೊಂದು ವೀರ್ಯಾಣುವಿನೊಳಗೆ ಯಾವ ನಕ್ಷೆ ಇದೆ ಎಂದು ನೋಡುವುದು ಮಾತ್ರ ಬಹಳ ಕಾಲ ಆಗಿರಲಿಲ್ಲ. 1978ರಲ್ಲಿ ಹವಾಯಿ ದ್ವೀಪದಲ್ಲಿ ರುಡಾಕ್, ಜೇಕಬ್ಸ್ ಮತ್ತು ಯಾನಗಿಮಾಚಿ ಎಂಬ ಮೂವರು ಒಂದು ಉಪಾಯ ಮಾಡಿದರು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡದೊಳಗೆ ಮನುಷ್ಯನ ವೀರ್ಯಾಣು ಹೊಗುವಂತೆ ಮಾಡಿ, ಅಲ್ಲಿ ಅದರ ವರ್ಣತಂತುಗಳು ಬಿಚ್ಚಿಕೊಂಡಾಗ ಎಣಿಸಿದರು. ಆಮೇಲೆ ಬಂದ ಬಣ್ಣದ ದೀಪದ ವಿಧಾನಗಳಿಂದ ಈ ಕೆಲಸ ಹಗುರವಾಯಿತು. ತಿಳಿದುಬಂದದ್ದು ಇಷ್ಟು: ತುಂಡು ಅದಲುಬದಲಾದ ಗಂಡಸಿನ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲೆಕ್ಕ ತಪ್ಪಿದವು. ಬುಡ ಬೆಸೆದುಕೊಂಡ ಬಗೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಮಾತ್ರ.

ಇನ್ನು ವೈ ವರ್ಣತಂತು. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಆಸ್ತಿ ಅದು. 1976ರಲ್ಲಿ ಇಟಲಿಯ ಟಿಯೆಪೊಲೊ ಮತ್ತು ಜುಫಾರ್ಡಿ 1,170 ಗಂಡಸರನ್ನು ನೋಡಿದಾಗ, ವೀರ್ಯಾಣುವೇ ಇಲ್ಲದ ಆರು ಮಂದಿಯಲ್ಲಿ ವೈ ವರ್ಣತಂತುವಿನ ಉದ್ದ ತೋಳಿನ ತುದಿ ಕತ್ತರಿಸಿಹೋಗಿತ್ತು. ವೀರ್ಯಾಣು ತಯಾರಿಸುವ ಅಪ್ಪಣೆ ಆ ತೋಳಿನಲ್ಲಿದೆ ಎಂದು ಗೊತ್ತಾದದ್ದು ಹೀಗೆ. ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕ ತುಂಡು ಬಿದ್ದುಹೋಗಿದ್ದರೂ ಇದೇ ಗತಿ ಎಂದು ಆಮೇಲೆ ತಿಳಿಯಿತು. ನಮ್ಮ ಜನರಲ್ಲಿ ಇದನ್ನು ಹುಡುಕಿದ್ದು ಹೈದರಾಬಾದಿನ ಸಿಸಿಎಂಬಿ, ಅಂದರೆ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ. ಅಲ್ಲಿ ಕೆ. ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಂಗಡಿಗರು ವೀರ್ಯಾಣುವಿಲ್ಲದ 340 ಭಾರತೀಯ ಗಂಡಸರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಪ್ರಕಾರ, 29 ಮಂದಿಯಲ್ಲಿ ವೈ ತುಂಡು ಬಿದ್ದಿತ್ತು. ನೂರಕ್ಕೆ ಎಂಟೂವರೆ. ಆ 29 ಮಂದಿಯಲ್ಲಿ ಎಷ್ಟು ಜನರ ಹೆಂಡತಿಯರು ಹುತ್ತಕ್ಕೆ ಹಾಲೆರೆದು ನಾಗರಕಲ್ಲು ಸುತ್ತಿದ್ದರೋ ಸಂಶೋಧನಾ ಪತ್ರಿಕೆಯಲ್ಲಿ ಬರೆಯುವುದಿಲ್ಲ.

ಈಗ ನಾನು ಆಮೇಲೆ ಬರುತ್ತೇನೆಂದ ಮಾತಿಗೆ ಬಂದೆ. ಲೆಕ್ಕ ತಪ್ಪಿದ ವೀರ್ಯಾಣುವೂ ಅಂಡವನ್ನು ಸೇರಬಲ್ಲದು. ಗರ್ಭ ನಿಲ್ಲುತ್ತದೆ, ಎರಡು ಮೂರು ತಿಂಗಳಿಗೆ ಜಾರಿಹೋಗುತ್ತದೆ. ಮತ್ತೆ ನಿಲ್ಲುತ್ತದೆ, ಮತ್ತೆ ಜಾರುತ್ತದೆ. ಅತ್ತೆ "ಇವಳ ಹೊಟ್ಟೆ ಗಟ್ಟಿಯಿಲ್ಲ" ಎನ್ನುತ್ತಾಳೆ. ಭಾರ ಎತ್ತಿದಳು, ಪರಂಗಿಹಣ್ಣು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂದು ತಪ್ಪುಗಳ ಪಟ್ಟಿ ಬೆಳೆಯುತ್ತದೆ. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಮೂರರಿಂದ ಐದು ಕಡೆ ಇಬ್ಬರಲ್ಲಿ ಒಬ್ಬರಿಗೆ ವರ್ಣತಂತು ಸ್ಥಾನಾಂತರ ಇರುತ್ತದೆ. ಅದು ಹೆಂಡತಿಯದೂ ಆಗಿರಬಹುದು, ಗಂಡನದೂ ಆಗಿರಬಹುದು. ಹೊಟ್ಟೆ ಆಕೆಯದು, ಹರಿದ ನಕ್ಷೆ ಆತನದು ಎಂಬ ಸಂದರ್ಭಗಳು ಎಷ್ಟೋ.

ಮತ್ತೊಂದು ನಂಟನ್ನು ನೀವು ನಿಮ್ಮ ಬಳಗದಲ್ಲೇ ಗಮನಿಸಬಹುದು. ಒಂದು ಮನೆಯ ಅಣ್ಣನಿಗೆ ಮಕ್ಕಳಿಲ್ಲ. ಬೇರೆ ಊರಿಗೆ ಕೊಟ್ಟ ಅವನ ತಂಗಿಗೆ ಒಂದು ಮಗು ಇದೆ, ಮೂರು ಗರ್ಭ ಹೋಗಿವೆ. ಊರಿನವರು ಎರಡನ್ನೂ ಬೇರೆ ಬೇರೆ ದುಃಖ ಎಂದೇ ತಿಳಿಯುತ್ತಾರೆ. ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದೇ ಸ್ಥಾನಾಂತರ, ಬಿಗಿ ತಪಾಸಣೆಯ ಅಣ್ಣನಲ್ಲಿ ವೀರ್ಯಾಣು ನಿಲ್ಲಿಸಿ, ಸಡಿಲ ತಪಾಸಣೆಯ ತಂಗಿಯಲ್ಲಿ ಲೆಕ್ಕ ತಪ್ಪಿದ ಅಂಡಗಳನ್ನು ದಾಟಿಸಿಬಿಟ್ಟಿರಬಹುದು. ಎಲ್ಲ ಮನೆಗಳಲ್ಲೂ ಹೀಗೇ ಎಂದಲ್ಲ. ಆದರೆ ವೈದ್ಯರ ಮುಂದೆ ಕೂತಾಗ ಅಣ್ಣ ತಂಗಿಯ ವಿಷಯವನ್ನೂ, ತಂಗಿ ಅಣ್ಣನ ವಿಷಯವನ್ನೂ ಹೇಳಬೇಕಾದದ್ದು ಇದಕ್ಕಾಗಿ.

ಇದಕ್ಕೆ ಮದ್ದುಂಟೇ ಎಂದು ಕೇಳುತ್ತೀರಿ. ವರ್ಣತಂತುವನ್ನು ತಿದ್ದುವ ಗುಳಿಗೆಯಿಲ್ಲ, ಲೇಹ್ಯವಿಲ್ಲ, ಭಸ್ಮವಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಬಳಿದ "ಗ್ಯಾರಂಟಿ" ಜಾಹೀರಾತುಗಳಿಗೆ ಹೋಗಿ ಹತ್ತಿ ಮಾರಿದ ದುಡ್ಡನ್ನು ಸುರಿಯಬೇಡಿ. ದಾರಿಗಳು ಮಾತ್ರ ಉಂಟು. ವೀರ್ಯಾಣು ಕಡಿಮೆಯಿದ್ದರೂ ಇದ್ದರೆ, ಸರಿಯಾದ ನಕ್ಷೆಯ ವೀರ್ಯಾಣು ತಾನಾಗಿಯೇ ಅಂಡ ಸೇರಿ ಆರೋಗ್ಯದ ಮಗು ಹುಟ್ಟುವುದು ಅಪರೂಪವಲ್ಲ, ತಡವಾಗಬಹುದು. 1992ರಲ್ಲಿ ಬ್ರಸೆಲ್ಸ್ ನಗರದಲ್ಲಿ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಟ್ಟು ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಈಗ ಹೈದರಾಬಾದು, ಬೆಂಗಳೂರುಗಳಲ್ಲಿ ಅದು ನಿತ್ಯದ ಕೆಲಸ. ಹಾಗೆ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮೊದಲೇ ಅದರ ವರ್ಣತಂತು ಲೆಕ್ಕ ನೋಡುವ ಪರೀಕ್ಷೆಯೂ ಇದೆ, ಖರ್ಚು ಮಾತ್ರ ನಮ್ಮಂಥವರಿಗೆ ಭಾರಿ. ವೈ ತುಂಡು ಬಿದ್ದಿದ್ದರೆ ಯಾವ ಭಾಗ ಬಿದ್ದಿದೆ ಎಂದು ಕೇಳಿಕೊಳ್ಳಿ. ಕೆಲವು ಭಾಗ ಹೋಗಿದ್ದರೆ ವೃಷಣದಲ್ಲಿ ಹುಡುಕಿದರೂ ಏನೂ ಸಿಗದು, ಶಸ್ತ್ರಚಿಕಿತ್ಸೆ ವ್ಯರ್ಥ. ಇನ್ನು ಕೆಲವು ಹೋಗಿದ್ದರೆ ಅಲ್ಲಲ್ಲಿ ವೀರ್ಯಾಣು ಸಿಗುತ್ತದೆ, ಆದರೆ ಹುಟ್ಟುವ ಗಂಡುಮಗನಿಗೂ ಅದೇ ಕೊರತೆ ದಾಟುತ್ತದೆ. ದಾನಿಯ ವೀರ್ಯ, ದತ್ತು ಇವೂ ಇವೆ. ಇಂಥ ಚಿಕಿತ್ಸೆ ಕೊಡುವ ಕೇಂದ್ರಗಳು 2021ರ ಕಾನೂನಿನ ಪ್ರಕಾರ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮ್ಮದು. ಗಂಡೋ ಹೆಣ್ಣೋ ಎಂದು ಕೇಳುವುದು ಮಾತ್ರ 1994ರ ಕಾನೂನಿನಡಿ ಅಪರಾಧ.

ಪರೀಕ್ಷೆಯ ಕ್ರಮ ಹೀಗೆ. ಮೊದಲು ಗಂಡನ ವೀರ್ಯ ಪರೀಕ್ಷೆ. ಅಗ್ಗದ್ದು, ನೋವಿಲ್ಲದ್ದು, ಹೆಂಡತಿಗೆ ಮಾಡುವ ಯಾವ ಪರೀಕ್ಷೆಗಿಂತಲೂ ಸುಲಭ. ಅದಕ್ಕೆ ಮುಂಚೆ ಎರಡರಿಂದ ಏಳು ದಿನ ಕೂಡದೆ ಇರಬೇಕು. ಒಂದು ಸಲ ಸರಿಯಿಲ್ಲವೆಂದು ಬಂದರೆ ಧೈರ್ಯಗೆಡಬೇಡಿ. ಆ 74 ದಿನಗಳ ಬೆಳೆಯ ನಡುವೆ ಜ್ವರ ಬಂದಿದ್ದರೂ ಫಲಿತಾಂಶ ಕೆಡುತ್ತದೆ, ಅದಕ್ಕೇ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡು ಸಲವೂ ಬಹಳ ಕಡಿಮೆ ಅಥವಾ ಸೊನ್ನೆ ಬಂದರೆ ಆಗ ವರ್ಣತಂತು ಪರೀಕ್ಷೆ, ವೈ ಪರೀಕ್ಷೆ. ಎರಡಕ್ಕೂ ರಕ್ತ ಸಾಕು. ರಕ್ತ ದೊಡ್ಡ ಊರಿನ ಲ್ಯಾಬಿಗೆ ಹೋಗಿ, ಕೋಶಗಳು ಸೀಸೆಯಲ್ಲಿ ಮೂರು ದಿನ ಬೆಳೆದು, ಒಬ್ಬರು ಕೂತು ಎಣಿಸಿ, ವರದಿ ಕೈಸೇರಲು ಎರಡು ಮೂರು ವಾರ ಹಿಡಿಯಬಹುದು. ಗರ್ಭ ಪದೇ ಪದೇ ಹೋಗುತ್ತಿದ್ದರೆ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಒಟ್ಟಿಗೆ ಕೊಡಬೇಕು.

ಆ ವರದಿಯನ್ನು ಪಹಣಿ, ಪಟ್ಟಾದಾರ್ ಪಾಸ್‌ಪುಸ್ತಕದ ಜೊತೆ ಟ್ರಂಕಿನಲ್ಲಿ ಜೋಪಾನವಾಗಿಡಿ. ವರ್ಣತಂತು ವಯಸ್ಸಿನೊಂದಿಗೆ ತನ್ನ ಜಾಗ ಬದಲಿಸುವುದಿಲ್ಲ, ಆದ್ದರಿಂದ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕಾಗಿಲ್ಲ. ತಮ್ಮನ ಮದುವೆಯಾದಾಗ, ತಂಗಿ ಮೂರು ತಿಂಗಳ ಗರ್ಭಿಣಿಯಾದಾಗ, ಅವರ ವೈದ್ಯರು ಮೊದಲು ಕೇಳುವ ಕಾಗದ ಅದೇ ಆಗಿರುತ್ತದೆ.